ಅಮ್ಮನೇ ಮಗಳಾದ ನಾಟಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಹಿಂದಿನ ಜಗಲಿಯಲ್ಲಿ ಬಣ್ಣದಕ್ಕ ಹಳೇ ಪೇಪರಿಗೆ ಅಂಟು ಬಳಿದು ಮುಖವಾಡ ಮೆತ್ತುತ್ತಿದ್ದಾರೆ. ಊರಿನ ಪಾಲಿಗೆ ಅವರು ಶಾಲೆಯ ಕಸ ಗುಡಿಸುವ ಹೆಂಗಸು. ಎದುರು ಕೂತ ಏಳೆಂಟು ಮಕ್ಕಳಿಗೆ ಮಾತ್ರ ನಾಟಕದ ಮೇಷ್ಟ್ರು. ಪಕ್ಕದ ಬೀದಿಯಲ್ಲಿ ಚೀಲ ಹೊಲಿಯುವ ಕಾರ್ಖಾನೆಗಳ ಶಟರ್ ಏಳುವ ಮೊದಲೇ ತಾಲೀಮು ಮುಗಿಯಬೇಕು. ಆಮೇಲೆ ಈ ಮಕ್ಕಳು ಅಲ್ಲಿ ಕೂಲಿಗಳು. ಆ ಬೀದಿಯ ಗೋಡೆ ಮೇಲೆ ‘ಮಕ್ಕಳನ್ನು ದುಡಿಸಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಬರೆದದ್ದಾಯಿತು, ಅಷ್ಟೇ.

ಅಕ್ಕನ ಕಣ್ಣು ಪದೇ ಪದೇ ಹಿಂಬಾಗಿಲಿಗೆ ಹೋಗುತ್ತದೆ. ಎಲ್ಲರೂ ‘ಗುಂಗುರಿ’ ಎಂದು ಕರೆಯುವ ಗುಂಗುರುಗೂದಲ ಹುಡುಗಿ ಇಂದು ಬಂದಿಲ್ಲ. ಅವಳನ್ನು ಶಾಲೆಗೆ ಸೇರಿಸಿ ಎಂದು ಅಕ್ಕ ಅವಳ ತಾಯಿಯ ಬೆನ್ನು ಬಿದ್ದು ವರ್ಷವಾಯಿತು.

ಅಕ್ಕನೂ ಚಿಕ್ಕಂದಿನಲ್ಲೇ ಸೂಜಿ ಹಿಡಿದವರು. ತೋರುಬೆರಳು ಇಂದಿಗೂ ನೆಟ್ಟಗಾಗದು. ತಮ್ಮ ಮೊದಲ ನಾಟಕದಲ್ಲಿ ಅವರೊಂದು ಎಡವಟ್ಟು ಮಾಡಿಕೊಂಡರು: ಹೊಲಿಯುವ ಹುಡುಗಿಗೇ ಹೊಲಿಯುವವಳ ಪಾತ್ರ ಕೊಟ್ಟರು. ಸೂಜಿ ಕೈಗೆ ಬಂದದ್ದೇ ತಡ, ಮಗು ಮಾತೆಲ್ಲ ಮರೆತು ತಲೆ ತಗ್ಗಿಸಿ ಹೊಲಿಯುತ್ತಾ ಕೂತುಬಿಟ್ಟಿತು. ಎಂಥ ಅಭಿನಯ ಅಂತ ಜನ ಚಪ್ಪಾಳೆ ತಟ್ಟಿದರು! ಅಕ್ಕ ಮಾತ್ರ ಹೋಗಿ ಆ ಸೂಜಿ ಕಿತ್ತುಕೊಂಡರು.

ಅಂದಿನಿಂದ ಒಂದೇ ಕಟ್ಟಳೆ. ನಾಟಕದಲ್ಲಿ ಮಕ್ಕಳು ಮಾಲೀಕರಾಗಬೇಕು, ಹೆತ್ತವರು ಕೂಲಿಮಕ್ಕಳಾಗಬೇಕು. ಮಾತು ಬರೆದುಕೊಡುವ ಗೋಜಿಲ್ಲ; ದಿನಾ ಕೇಳಿದ್ದನ್ನೇ ಮಕ್ಕಳು ಆಡುತ್ತಾರೆ.

ನಿನ್ನೆ ಸಂಜೆ ಹೆತ್ತವರನ್ನೂ ಕರೆಸಿದ್ದ ತಾಲೀಮಿನಲ್ಲಿ ಗುಂಗುರಿ ಮಾಲೀಕನ ಮುಖವಾಡ ತೊಟ್ಟು, ನೆಲದ ಮೇಲೆ ಕೂತ ತಾಯಿಯ ಮುಂದೆ ನಿಂತಳು. “ನೀರು ಕುಡಿದ್ರೆ ಆಮೇಲೆ ಒಂದಕ್ಕೆ ಅಂತ ಎದ್ದು ಹೋಗ್ತೀಯ. ಮಧ್ಯಾಹ್ನದವರೆಗೆ ಕುಡೀಬೇಡ,” ಎಂದಳು. ದನಿ ಏರಿಸಲೂ ಇಲ್ಲ. ಅಲ್ಲಿಯವರೆಗೂ ನಗುತ್ತಿದ್ದ ತಾಯಿ ಕೈಲಿದ್ದ ಚೀಲ ಕೆಳಗಿಟ್ಟು, “ಇದನ್ನ ನಿಂಗೆ ಯಾರು ಹೇಳಿದ್ದು?” ಎಂದರು. ಅದು ನಾಟಕದ ಮಾತಾಗಿರಲಿಲ್ಲ. ಮಗಳು ಮುಖವಾಡ ತೆಗೆಯಲಿಲ್ಲ.

“ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ,” ಎನ್ನುತ್ತಾರೆ ಅಕ್ಕ. “ಅವಮಾನ ಆಯ್ತು ಅಂತ ಅವ್ರಮ್ಮ ಮಗೂನ ಇಲ್ಲಿಗೂ ಕಳಿಸ್ದೆ ಇದ್ರೆ? ಅದಕ್ಕಿರೋದೇ ಈ ಒಂದು ಗಂಟೆ. ಅದನ್ನೂ ನಾನೇ ಕಿತ್ಕೊಂಡಂಗಾಯ್ತಲ್ಲ.”

ಶಟರ್‌ಗಳ ಸದ್ದಾಗುತ್ತದೆ, ಮಕ್ಕಳು ಹೊರಡುತ್ತಾರೆ. ಅಕ್ಕ ಕೋಣೆಗಳನ್ನು ಗುಡಿಸುತ್ತಾರೆ, ಒರೆಸುತ್ತಾರೆ. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಮುಂಬಾಗಿಲಲ್ಲಿ ಗುಂಗುರಿ. ಎಣ್ಣೆ ಹಚ್ಚಿ ಎಳೆದು ಬಾಚಿದರೂ ಮಣಿಯದ ಕೂದಲು. ಪಕ್ಕದಲ್ಲಿ ತಾಯಿ. ಹೆಡ್‌ಮೇಷ್ಟ್ರ ಕೋಣೆ ಯಾವುದೆಂದು ಅವರು ನೆಲ ನೋಡುತ್ತಲೇ ಕೇಳುತ್ತಾರೆ.

ಅಕ್ಕ ಪೊರಕೆಯಲ್ಲೇ ದಾರಿ ತೋರಿಸುತ್ತಾರೆ. ಆಮೇಲೆ ಹುಡುಗಿಯತ್ತ ತಿರುಗಿ ಗದರುತ್ತಾರೆ:

“ಕಾಲು ಒರೆಸ್ಕೊಂಡು ಹೋಗೇ. ಈಗಷ್ಟೇ ನೆಲ ಒರೆಸಿದೀನಿ.”