ಫ್ಲಿಕರ್, ಮತ್ತು ನಿಮ್ಮಪ್ಪ ತರುವ ಹೊಸಕ್ಕಿ

ಫ್ಲಿಕರ್ ಎಂಬ ಇಂಗ್ಲಿಷ್ ಪದ ಎಲ್ಲಿಂದ ಬಂತೆಂದು ನಾನು ಹೇಳಿಕೊಟ್ಟದ್ದು ಶುದ್ಧ ಸುಳ್ಳು, ಮಲ್ಲಮ್ಮ. ನಿನಗದು ಗೊತ್ತು. ನಿಮ್ಮಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ದೇವಾಪುರದ ಶಾಲೆಯಲ್ಲಿ ನಾನು ಇಂಗ್ಲಿಷ್ ಮಾಸ್ತರ, ನೀನು ಬೋನಾಳದಿಂದ ಬರುತ್ತಿದ್ದ ಹುಡುಗಿ. ಕಾಲುವೆಗೆ ಆಗಷ್ಟೇ ನೀರು ಬಿಟ್ಟಿದ್ದರು. ಪಾಠದಲ್ಲಿ ಬಂದ ಫ್ಲಿಕರ್‌ಗೆ ಮಿಣುಗುಟ್ಟುವ ಬೆಳಕು ಎಂಬ ಅರ್ಥ ಹೇಳಿದೆ, ಮೂಡಿದಷ್ಟೇ ಬೇಗ ಮಾಯವಾಗುವ ಆಸೆಗೂ ಹಾಗೆನ್ನುತ್ತಾರೆ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆ ಪದ ಹುಟ್ಟಿದ್ದೆಲ್ಲಿ ಎಂದು ನೀನು ಕೇಳಿದೆ. ಗೊತ್ತಿಲ್ಲ ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ — ಇಂಗ್ಲಿಷ್ ಬಲ್ಲವನೆಂಬ ಜಂಬ ಅಷ್ಟಿತ್ತು. ಕಿಟಕಿಯಾಚೆ ಕಾಲುವೆ ಹೊಳೆಯುತ್ತಿತ್ತು. ಕಾಲುವೆ ನೀರಿನ ಮೇಲೆ ಅಲುಗುವ ಬಿಸಿಲಿಗೆ ಇಂಗ್ಲಿಷ್ ಎಂಜಿನಿಯರುಗಳು ಇಟ್ಟ ಹೆಸರು ಎಂದುಬಿಟ್ಟೆ.

ನೀನು ಅದನ್ನೇ ಯಾದಗಿರಿಯ ಭಾಷಣ ಸ್ಪರ್ಧೆಯಲ್ಲಿ ಹೇಳಿದೆ. ಗೆದ್ದರೆ ಕಾಲೇಜು, ಇಲ್ಲದಿದ್ದರೆ ಭತ್ತದ ನಾಟಿ ಎಂದು ನಿಮ್ಮಪ್ಪ ಮೊದಲೇ ಹೇಳಿದ್ದರು. ತೀರ್ಪುಗಾರರು ನಕ್ಕರು. ಅದು ಮೊದಲು ಹಕ್ಕಿ ರೆಕ್ಕೆ ಬಡಿಯುವುದಕ್ಕಿದ್ದ ಹಳೆಯ ಮಾತು, ಬೆಳಕಿಗೆ ಅಂಟಿದ್ದು ಎಷ್ಟೋ ಕಾಲದ ಮೇಲೆ ಎಂದು ತಿದ್ದಿದರು. ನಿನಗಿದನ್ನು ಹೇಳಿಕೊಟ್ಟವರು ಯಾರೆಂದೂ ಕೇಳಿದರು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ನೀನು ಅಂದೆ —

"ಯಾರೂ ಹೇಳಿಲ್ರಿ. ನಾನ ಕಟ್ಟಿ ಹೇಳೀನ್ರಿ."

ನಾನು ಏಳಲಿಲ್ಲ. ಏಳಬೇಕಿತ್ತು — ಏಳಲಿಲ್ಲ. ಬಹುಮಾನ ಬೇರೆಯವರಿಗೆ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ನೀನು ಆಡಿದ್ದು ಒಂದೇ ಮಾತು: "ಹಕ್ಕೀದು ಅಂತ ಮೊದಲ ಗೊತ್ತಿದ್ದರ ನಮ್ಮ ಕೆರಿ ಬಗ್ಗೆ ಹೇಳತಿದ್ದೆರಿ, ಸರ್." ಬೋನಾಳದ ಕೆರೆ, ಅದರ ತುಂಬ ಬಂದಿಳಿಯುವ ಅಷ್ಟು ಹಕ್ಕಿ — ನಿನ್ನ ಮನೆಯ ಮುಂದಿದ್ದುದನ್ನೇ ನಾನು ನಿನ್ನಿಂದ ಮುಚ್ಚಿಟ್ಟಂತಾಯಿತು.

ಆ ವರ್ಷ ನೀನು ನಾಟಿಗೆ ಹೋದೆ. ಮರುವರ್ಷ ನಿಮ್ಮಪ್ಪನ ಕೈಕಾಲು ಹಿಡಿದು ನಿನ್ನನ್ನು ಸುರಪುರದ ಕಾಲೇಜಿಗೆ ಸೇರಿಸಿದೆ. ಅವರಿಗದು ದೊಡ್ಡ ಉಪಕಾರವಾಗಿ ಕಂಡಿತು. ಅಂದಿನಿಂದ ಸುಗ್ಗಿ ಬಂದಾಗಲೆಲ್ಲ ಹೊಸಕ್ಕಿ ತರುತ್ತಾರೆ. "ನಮ್ಮ ಹುಡಗಿ ಓದಿದ್ದು ನಿಮ್ಮಿಂದನ ಐತ್ರಿ, ಮಾಸ್ತರ" ಎನ್ನುತ್ತಾರೆ. ನಾನು ಅಕ್ಕಿಯನ್ನೂ ಇಸಿದುಕೊಳ್ಳುತ್ತೇನೆ, ಆ ಮಾತನ್ನೂ.

ಋಣ ನನ್ನದು, ಮಲ್ಲಮ್ಮ. ಅಂದಿನ ಮೇಲೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಮಕ್ಕಳೆದುರು ಹೇಳುವುದನ್ನು ಕಲಿತೆ. ಒಳ್ಳೆಯ ಮಾಸ್ತರ ಎಂದು ನಾಲ್ಕು ಜನ ಅನ್ನುವಂತಾದದ್ದು ನಿನ್ನಿಂದ. ಇದನ್ನು ನೆನೆಯದೆ ನಾನು ಒಂದು ದಿನವೂ ತರಗತಿಗೆ ಕಾಲಿಟ್ಟಿಲ್ಲ.

ಈ ಸಲದ ಕೊಯ್ಲು ಮುಗಿದಿದೆ. ನಿಮ್ಮಪ್ಪ ಹೆಗಲ ಮೇಲಿನ ಚೀಲ ಇಳಿಸುವ ಮೊದಲೇ, ಅಂದಿನ ಸುಳ್ಳು ನಿನ್ನದಲ್ಲ, ನನ್ನದು ಎಂದು ಬಾಗಿಲಲ್ಲೇ ಹೇಳುತ್ತೇನೆ. ಇಳಿಸುವುದು, ಹೊತ್ತುಕೊಂಡು ಹಿಂದಿರುಗುವುದು — ಅದು ಅವರಿಗೆ ಬಿಟ್ಟದ್ದು.