ಐವತ್ತೆಂಟು ವರ್ಷ ಮೊದಲೇ ಬಂದ ತೀರ್ಪು

ಅಣ್ಣಿಗೇರಿ ಹತ್ತಿರದ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಎರಡು ವರ್ಷದ ಹಿಂದೆ ಸಂವಿಧಾನ ದಿನಕ್ಕೆ ಅಮೆರಿಕದ ಎರಡು ಮೊಕದ್ದಮೆಗಳನ್ನು ವಿದ್ಯಾರ್ಥಿಗಳಿಂದ ನಾಟಕದಂತೆ ಆಡಿಸಲು ಹೊರಟೆ. ಮೊದಲನೆಯದು ರೈಲಿನದು. ಬಿಳಿಯರಿಗೊಂದು ಡಬ್ಬಿ, ಕಪ್ಪು ಜನರಿಗೊಂದು ಡಬ್ಬಿ ಎಂಬ ಕಾಯಿದೆಯನ್ನು ಪ್ರಶ್ನಿಸಲೆಂದೇ ಒಬ್ಬಾತ ಬಿಳಿಯರ ಡಬ್ಬಿಯಲ್ಲಿ ಕುಳಿತ. ಎರಡೂ ಡಬ್ಬಿ ಸಮ ಇದ್ದರೆ ಬೇರೆ ಕೂಡಿಸುವುದು ತಪ್ಪಲ್ಲ ಎಂದಿತು ಅಲ್ಲಿಯ ದೊಡ್ಡ ಕೋರ್ಟು. ಎರಡನೆಯದು ಶಾಲೆಯದು. ಐವತ್ತೆಂಟು ವರ್ಷಗಳ ಮೇಲೆ ಅದೇ ಕೋರ್ಟು, ಮಕ್ಕಳನ್ನು ಬೇರೆ ಮಾಡಿದ ಮೇಲೆ ಸಮ ಎಂಬುದೇ ಇಲ್ಲ ಎಂದಿತು.

ನ್ಯಾಯಾಧೀಶರಾಗಲು ನಮ್ಮ ಕಾಕಾನನ್ನು ಕರೆದೆ. ಊರಿನ ಬದುವಿನ ಜಗಳ ಬಗೆಹರಿಸಿ ಹೆಸರಾದವರು; ನಾನಿರುವುದೂ ಅವರ ಮನೆಯಲ್ಲೇ. ಹಣೆತುಂಬ ವಿಭೂತಿ, ಮೇಲೆ ಯಾರದೋ ಮದುವೆಯ ಕರಿ ಕೋಟು. ಎರಡೂ ತೀರ್ಪನ್ನು ನಾನೇ ಚೀಟಿಯಲ್ಲಿ ಬರೆದುಕೊಟ್ಟಿದ್ದೆ.

ರೈಲಿನ ವಾದ ಮುಗಿಯಿತು. ಕಾಕಾ ಚೀಟಿ ನೋಡಿ ಕನ್ನಡಕ ತೆಗೆದರು.

"ಇದನ್ನ ಯಾರ್ ಬರದಾರ?"

"ಅಲ್ಲಿಯ ಕೋರ್ಟಿಂದು ಐತ್ರಿ. ಇದ್ದಂಗ ಓದ್ರಿ ಕಾಕಾ," ಎಂದು ಪಿಸುಗುಟ್ಟಿದೆ.

"ನಾ ಓದೂದಿಲ್ಲ. ಎರಡೂ ಡಬ್ಬಿ ಒಂದ ನಮೂನಿ ಇದ್ರ ಬ್ಯಾರೆ ಯಾಕ ಬೇಕು? ಯಾರಿಗೋ ಬಾಜು ಕುಂದ್ರಾಕ ಹೇಸಿಗಿ, ಅಷ್ಟ. ಕಾಯಿದೆ ರದ್ದು."

ಚಪ್ಪಾಳೆ ಬಿತ್ತು. ಆದರೆ ಹದಿನೈದು ದಿನದಿಂದ ಶಾಲೆಯ ಮೊಕದ್ದಮೆ ಬಾಯಿಪಾಠ ಮಾಡಿದ್ದ ಹುಡುಗಿ ಎದ್ದು ನಿಂತಳು.

"ಅಜ್ಜಾರ, ನನ್ನ ಕೇಸನೂ ನೀವ ಮುಗಿಸಿಬಿಟ್ರಿ. ನಾ ಏನ್ ವಾದಾ ಮಾಡ್ಲಿ?"

"ಗೆದ್ದೀಯಲ್ಲವಾ, ಕುಂದ್ರು."

ಅವಳು ಕೂಡಲಿಲ್ಲ. "ತೀರ್ಪು ಬಂದ್ರ ಸಾಲೂದಿಲ್ರಿ, ನಡೀಬೇಕು. ನಮ್ಮವ್ವ ನಿಮ್ಮ ಹೊಲಕ್ಕ ಕಸಾ ತಗ್ಯಾಕ ಬರ್ತಾಳ. ಆಕಿ ಚಾ ಕುಡಿಯೂ ಲೋಟ ನಿಮ್ಮ ಮನಿ ಹೊರಗಿನ ಕಿಟಕ್ಯಾಗ ಯಾಕ ಇರ್ತೈತ್ರಿ?"

ಆ ಲೋಟವನ್ನು ನಾನು ದಿನವೂ ನೋಡುತ್ತಿದ್ದೆ. ಆ ಕಿಟಕಿಯ ಒಳಬದಿಗೆ ಕುಳಿತೇ ಸಮಾನತೆಯ ನೋಟ್ಸು ಬರೆದವನು ನಾನು. ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ.

"ಚಾದ ಖಾತೆ ನಮ್ಮ ಮನಿಯಾಕಿದು," ಎಂದರು ಕಾಕಾ.

"ಅಲ್ಲಿಯ ರಾಜ್ಯಗಳೂ ಹಂಗ ಅಂದಿದ್ವುರಿ, ಶಾಲಿ ನಮ್ಮ ಖಾತೆ ಅಂತ."

ಕಾಕಾ ಚೀಟಿ ಮಡಚಿ ಕೋಟಿನ ಜೇಬಿಗೆ ಹಾಕಿದರು. "ಕೋರ್ಟಿಗೆ ಊಟದ ಬಿಡುವು," ಎಂದು ಎದ್ದೇಬಿಟ್ಟರು.

ಮನೆಗೆ ಬಂದವರೇ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಆ ಲೋಟದ ಬಗ್ಗೆ ಕೇಳಿದರು. ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅದೂ ಸ್ಟೀಲಿಂದು, ಇದೂ ಸ್ಟೀಲಿಂದು. ಏನ್ ಫರಕ್ ಐತಿ?" ರೈಲು ಕಂಪನಿಯ ವಕೀಲನಿಗೆ ನಾನು ಬರೆದುಕೊಟ್ಟ ವಾದವೂ ಹೆಚ್ಚುಕಡಿಮೆ ಇದೇ.

"ಫರಕ್ ಇಲ್ಲಂದ್ರ ನನಗ ಅದರಾಗ ಹಾಕು."

ಕಾಕು ಹಾಕಲಿಲ್ಲ. ಕಾಕಾ ಚಹಾ ಬಿಟ್ಟರು. ಚಹಾ ಇಲ್ಲದ ಕಾಕಾ ಮೂರು ದಿನ ಎತ್ತಿಗೆ, ಟಿವಿಗೆ, ನನಗೆ ಸಮನಾಗಿ ಬೈದರು. ನಾಲ್ಕನೆಯ ದಿನ ಕಾಕು ಬೇಸತ್ತು, ಕಿಟಕಿಯ ಲೋಟ ತಂದು ತೊಳೆದು ಒಳಗಿನ ಲೋಟಗಳ ಜೊತೆ ದಬ್ಬಿದರು. ಅದು ಯಾವುದೆಂದು ಆಮೇಲೆ ಅವರಿಗೂ ಗುರುತು ಹತ್ತಲಿಲ್ಲ.

ಮುಂದಿನ ವಾರ ಹುಡುಗಿಯ ತಾಯಿ ಬಂದಾಗ ಕಾಕು ಪಡಸಾಲೆಗೆ ಕರೆದು ಕೂಡಿಸಿ ಚಹಾ ಕೊಟ್ಟರು. ನಾವೆಲ್ಲ ಆಕೆಯ ಮುಖವನ್ನೇ ನೋಡುತ್ತಿದ್ದೆವು. ಆಕೆ ಎರಡು ಗುಟುಕು ಕುಡಿದರು.

"ಸಕ್ಕರಿ ಕಡಿಮಿ ಆಗೇತ್ರಿ," ಎಂದರು.

ಕಾಕು ಮುಖ ಗಂಟಿಕ್ಕಿಕೊಂಡೇ ಒಳಗೆ ಹೋಗಿ ಸಕ್ಕರೆ ತಂದು ಹಾಕಿದರು.