ದೊಡ್ಡಮ್ಮನ ಹನಿಮದ್ದು

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಇನ್ನಂಜೆಯ ನನ್ನ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಬಂತು. ಮಣಿಪಾಲದ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಅವರು ಬೈಯುತ್ತಲೇ ನುಂಗುತ್ತಿದ್ದರು. ಸ್ವಲ್ಪ ಕಾಲದ ನಂತರ ಯಾರೋ ಹೇಳಿದರೆಂದು ಕಾಪುವಿನಿಂದ ಹೋಮಿಯೋಪತಿ ಹನಿಮದ್ದನ್ನೂ ತಂದು ಶುರುಮಾಡಿದರು. ಮುಂದಿನ ರಕ್ತಪರೀಕ್ಷೆಯಲ್ಲಿ ಸಕ್ಕರೆ ಹತೋಟಿಗೆ ಬಂದಿತ್ತು. ನನ್ನ ತಲೆನೋವು ಶುರುವಾದದ್ದು ಆಗ.

ಮದುವೆಯ ಊಟದಲ್ಲಿ, ಬಸ್ಸಿನಲ್ಲಿ, ಯಾರು ಸಿಕ್ಕರೂ ದೊಡ್ಡಮ್ಮನದು ಒಂದೇ ಮಾತು. "ಹನಿಮದ್ದು ತೆಗೆದುಕೊಳ್ಳಿ. ನನಗೆ ಒಳ್ಳೆ ಗುಣ ಉಂಟು."

"ಮಾತ್ರೆಯನ್ನೂ ನುಂಗುತ್ತೀರಿ ಅಂತ ಯಾಕೆ ಹೇಳುವುದಿಲ್ಲ?" ಎಂದು ನಾನು ರೇಗಿದೆ.

"ಅದು ಮೊದಲಿನಿಂದಲೂ ಉಂಟಲ್ವಾ ಮಾರಾಯ, ಅದರಲ್ಲಿ ಹೇಳುವುದು ಎಂತ?"

ಪಕ್ಕದ ಮನೆಯ ಹೆಂಗಸಿಗೂ ಅದೇ ಕಾಯಿಲೆ. ಅವರು ದೊಡ್ಡಮ್ಮನ ಮಾತು ನಂಬಿ ತಮ್ಮ ಮಾತ್ರೆ ಬಿಟ್ಟು ಹನಿಮದ್ದೊಂದನ್ನೇ ಹಿಡಿದರು. ಆ ಮಳೆಗಾಲದಲ್ಲಿ ಅವರ ಕಾಲಿನ ಸಣ್ಣ ಗಾಯದಲ್ಲಿ ಕೀವು ತುಂಬಿ, ಮಣಿಪಾಲದ ಆಸ್ಪತ್ರೆಗೆ ಸೇರಿಸಿ ಕಾಲ್ಬೆರಳೊಂದನ್ನು ತೆಗೆಯಬೇಕಾಯಿತು.

ಅವರನ್ನು ನೋಡಲು ನಾನೂ ದೊಡ್ಡಮ್ಮನೂ ಹೋದೆವು. ಇವತ್ತಾದರೂ ಇದ್ದದ್ದನ್ನು ಹೇಳಿ ಎಂದು ದಾರಿಯುದ್ದಕ್ಕೂ ಹೇಳಿದೆ. ಹಾಸಿಗೆಯ ಬಳಿ ಕುಳಿತ ದೊಡ್ಡಮ್ಮ ಅವರ ಕೈ ಹಿಡಿದು ಅತ್ತೇಬಿಟ್ಟರು. "ನಾನು ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೆ. ನೀವು ಇನ್ನು ಬಿಡಬೇಡಿ" ಎಂದರು. ಸದ್ಯ, ಅಂದುಕೊಂಡೆ ನಾನು.

"ಹಾಗಾದರೆ ಹನಿಮದ್ದು ಎಂತಕ್ಕೆ?" ಎಂದು ಅವರು ಮೆಲ್ಲಗೆ ಕೇಳಿದರು.

ದೊಡ್ಡಮ್ಮ ಕಣ್ಣೊರೆಸಿಕೊಂಡರು. "ಮಾತ್ರೆ ಒಳಗೆ ಹೋಗಿ ಕೆಲಸ ಮಾಡಬೇಕಲ್ವಾ, ಅದಕ್ಕೆ."

ಹಾಸಿಗೆಯಲ್ಲಿದ್ದವರು ಹೌದೆಂದು ತಲೆಯಾಡಿಸಿದರು. ನಾನು ಎದ್ದು ಹೊರಗೆ ಹೋದೆ.